ಗೂಡಿನ ದೇವರು ಮತ್ತು ಬೆಣ್ಣೆ ಟೋಸ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬರು "ಮಕ್ಕಳ ಆಟದ ಬಗ್ಗೆ ಇರುವ ಕತೆಗಳಲ್ಲಿ ನಿಮಗೆ ತುಂಬಾ ಭಯ ಹುಟ್ಟಿಸಿದ್ದು ಯಾವುದು?" ಅಂತ ಕೇಳಿದ್ದರು. ಇಂಗ್ಲಿಷ್ ಕತೆಗಾರ 'ಸಾಕಿ' ಬರೆದ 'ಸ್ರೆಡ್ನಿ ವಷ್ಟಾರ್' ಅಂತ ಒಂದೇ ಸಾಲಿನಲ್ಲಿ ಉತ್ತರಿಸಿ ಮುಂದಕ್ಕೆ ಹೋಗಿದ್ದೆ. ನೀವು ಬಿಡಲಿಲ್ಲ. ಹುಡುಕಿ ಓದಿ, ಬೈದು, ಮೆಚ್ಚಿ ಬರೆದಿದ್ದೀರಿ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಕತೆಯ ಕೊನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಕತೆ ಓದಬೇಕು ಅನ್ನುವವರು ಓದಿಕೊಂಡು ಬನ್ನಿ, ಕೆಲವೇ ಪುಟಗಳದ್ದು.

ಪ್ರಶ್ನೆ: ಮೇಡಂ, ಕತೆ ಓದಿ ಮುಗಿಸಿದಾಗಿನಿಂದ ಒಂದೇ ಯೋಚನೆ. ಆ ಹುಡುಗ ಕೊಲೆಗಾರನೋ ಅಲ್ಲವೋ? ನಮ್ಮ ಮನೆಯಲ್ಲಿ ಇದೇ ಜಗಳ. ನಾನು ಹೌದು ಅಂತೀನಿ, ನಮ್ಮ ಯಜಮಾನರು ಅಲ್ಲ ಅಂತಾರೆ. ಸುತ್ತಿಬಳಸದೆ ಹೇಳಿ. (ಧಾರವಾಡ)

ಅಲ್ಲ. ಆದರೆ ನಿಮ್ಮ ಯಜಮಾನರು ಗೆದ್ದರು ಅಂತ ಬೀಗಬೇಕಾಗಿಲ್ಲ.

ಕತೆ ಓದದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಕಾನ್ರಡಿನ್ ಅಂತ ಹತ್ತು ವರ್ಷದ ಹುಡುಗ, ಇಂಗ್ಲೆಂಡಿನಲ್ಲಿ. ಇವನು ಇನ್ನು ಐದು ವರ್ಷ ಬದುಕುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿದೆ. ಅವನನ್ನು ನೋಡಿಕೊಳ್ಳುವವಳು ಸಂಬಂಧಿ ಮಿಸೆಸ್ ಡಿ ರಾಪ್. ಅದು ಮಾಡಬೇಡ, ಇದು ತಿನ್ನಬೇಡ, ಅಲ್ಲಿ ಹೋಗಬೇಡ, ಎಲ್ಲ ನಿನ್ನ ಒಳ್ಳೆಯದಕ್ಕೇ ಅನ್ನುವ ಪೈಕಿ. ತೋಟದ ಮೂಲೆಯಲ್ಲಿ, ಪೊದೆಗಳ ಹಿಂದೆ, ಯಾರೂ ಬಳಸದ ಒಂದು ಸಾಮಾನು ಶೆಡ್ಡು ಇದೆ. ಅವನಿಗೆ ಅದೇ ಆಟದ ಕೋಣೆ, ಅದೇ ಗುಡಿ. ಅಲ್ಲಿ ಎರಡು ಜೀವ ಸಾಕಿಕೊಂಡಿದ್ದಾನೆ. ಒಂದು ಪುಕ್ಕ ಕೆದರಿದ ಹುಡಾನ್ ಜಾತಿಯ ಕೋಳಿ. ಇನ್ನೊಂದು, ಕಂಬಿ ಹಾಕಿದ ಗೂಡಿನೊಳಗೆ ಫೆರೆಟ್. ನಮ್ಮ ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು, ಚೂಪು ಹಲ್ಲಿನ ಪ್ರಾಣಿ. ಅಲ್ಲಿ ಮೊಲಗಳನ್ನು ಬಿಲದಿಂದ ಓಡಿಸಿ ಹಿಡಿಯಲು ಇದನ್ನು ಸಾಕುತ್ತಿದ್ದರು. ಗುಟ್ಟಾಗಿ ಕೂಡಿಟ್ಟ ಚಿಲ್ಲರೆ ಬೆಳ್ಳಿ ನಾಣ್ಯಗಳನ್ನು ಮಾಂಸದಂಗಡಿ ಹುಡುಗನಿಗೆ ಕೊಟ್ಟು, ಗೂಡಿನ ಸಮೇತ ಕದ್ದು ತರಿಸಿಕೊಂಡದ್ದು.

ಈ ಫೆರೆಟ್ ಅವನ ದೇವರು. ಅದಕ್ಕೆ ಸ್ರೆಡ್ನಿ ವಷ್ಟಾರ್ ಅಂತ ತಾನೇ ಒಂದು ಹೆಸರು ಕಟ್ಟಿದ್ದಾನೆ. ಗುರುವಾರ ಗುರುವಾರ ಪೂಜೆ. ಹೂವಿನ ಕಾಲದಲ್ಲಿ ಕೆಂಪು ಹೂವು, ಚಳಿಗಾಲದಲ್ಲಿ ಕೆಂಪು ಹಣ್ಣು. ಹಬ್ಬಕ್ಕೆ ಜಾಯಿಕಾಯಿ ಪುಡಿ, ಅದೂ ಕದ್ದದ್ದೇ ಆಗಬೇಕು, ಅದು ನಿಯಮ! ಒಮ್ಮೆ ಮಿಸೆಸ್ ಡಿ ರಾಪ್‌ಗೆ ಮೂರು ದಿನ ಹಲ್ಲುನೋವು ಬಂದಾಗ ಮೂರೂ ದಿನ ಹಬ್ಬ ನಡೆಯಿತು. ನಾಲ್ಕನೆಯ ದಿನಕ್ಕೂ ಮುಂದುವರಿದಿದ್ದರೆ ಜಾಯಿಕಾಯಿ ಖಾಲಿಯಾಗುತ್ತಿತ್ತು.

ಹುಡುಗ ಶೆಡ್ಡಿಗೆ ಜಾಸ್ತಿ ಹೋಗುತ್ತಾನೆ ಅಂತ ಅವಳು ಕೋಳಿಯನ್ನು ಮಾರಿಬಿಡುತ್ತಾಳೆ. ಅವನು ಅಳಲಿಲ್ಲ, ಕೂಗಾಡಲಿಲ್ಲ. ಅವತ್ತು ಸಂಜೆಯಿಂದ ಪೂಜೆಯ ರೀತಿ ಬದಲಾಯಿತು. ಇಷ್ಟು ದಿನ ಬರೀ ಸ್ತುತಿ ಇತ್ತು, ಈಗ ಬೇಡಿಕೆ. "ನನಗಾಗಿ ಒಂದು ಕೆಲಸ ಮಾಡಿಕೊಡು" ಅಂತ. ಯಾವ ಕೆಲಸ ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ. ಅವನು ಇನ್ನೂ ಶೆಡ್ಡಿಗೆ ಹೋಗುವುದನ್ನು ನೋಡಿ ಅವಳು, ಅಲ್ಲಿ ಗಿನಿ ಹಂದಿ (ಹೆಸರಿಗೆ ಹಂದಿ, ಇಲಿ ಜಾತಿಯ ಸಾಧು ಸಾಕುಪ್ರಾಣಿ) ಸಾಕಿರಬೇಕು ಅಂದುಕೊಂಡು, ಅವನ ಕೋಣೆ ಜಾಲಾಡಿ, ಬೀಗದ ಕೈ ಹುಡುಕಿ, ಶೆಡ್ಡಿನೊಳಗೆ ಹೋಗುತ್ತಾಳೆ. ಹೊರಗೆ ಬರುವುದಿಲ್ಲ. ಬಹಳ ಹೊತ್ತಿನ ಮೇಲೆ ಫೆರೆಟ್ ಹೊರಗೆ ಬರುತ್ತದೆ, ದವಡೆಯ ಸುತ್ತ ಒದ್ದೆ ಕಲೆ.

ಈಗ ನಿಮ್ಮ ಜಗಳಕ್ಕೆ ಬರೋಣ. ಕಾನ್ರಡಿನ್ ಏನು ಮಾಡಿದ? ಗೂಡು ತೆರೆಯಲಿಲ್ಲ. ಅವಳನ್ನು ಅಲ್ಲಿಗೆ ಕಳಿಸಲಿಲ್ಲ. ಬೀಗದ ಕೈ ಬಚ್ಚಿಟ್ಟಿದ್ದ, ಅಂದರೆ ಅವಳು ಹೋಗಬಾರದು ಅಂತಲೇ ಇದ್ದ. ಮನೆಬಿಟ್ಟು ಕದಲಬೇಡ ಅಂತ ಅವಳೇ ಅಪ್ಪಣೆ ಮಾಡಿದ್ದಳು. ಊಟದ ಕೋಣೆಯ ಕಿಟಕಿಯಲ್ಲಿ ನಿಂತು ಪ್ರಾರ್ಥಿಸಿದ, ಅಷ್ಟೇ. ಕಾನೂನಿನ ಪುಸ್ತಕ ಹಿಡಿದರೆ ಏನೂ ಸಿಗುವುದಿಲ್ಲ. ಆದರೆ ಒಳಗೆ ಕಚ್ಚುವ ಪ್ರಾಣಿ ಇದೆ ಅಂತ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನೀವು ಕೊಲೆ ಅಂತ ಹಟ ಹಿಡಿದಿರುವುದು ಈ ಮೌನಕ್ಕೆ ಅಂತ ಕಾಣುತ್ತದೆ, ಅಲ್ವಾ? ಅದು ನ್ಯಾಯವೇ. ಆದರೆ ಕತೆಯೊಳಗೆ ಇನ್ನೊಂದು ಸಂಗತಿ ಇದೆ, ತುಂಬಾ ಜನ ಓದುವ ರಭಸದಲ್ಲಿ ದಾಟಿಹೋಗುತ್ತಾರೆ. ಕೊನೆಯ ಸಲ ಪ್ರಾರ್ಥಿಸುವಾಗ ಅವನಿಗೆ ನಂಬಿಕೆಯೇ ಇರಲಿಲ್ಲ. ಇವಳು ತುಟಿ ಬಿಗಿದ ನಗೆಯೊಂದಿಗೆ ಹೊರಗೆ ಬರುತ್ತಾಳೆ, ಇನ್ನೊಂದೆರಡು ಗಂಟೆಯಲ್ಲಿ ತೋಟದ ಆಳು ಬಂದು ನನ್ನ ದೇವರನ್ನು ಎತ್ತಿಕೊಂಡು ಹೋಗುತ್ತಾನೆ, ಆಮೇಲೆ ಅದು ದೇವರಲ್ಲ, ಗೂಡಿನಲ್ಲಿರುವ ಒಂದು ಕಂದು ಬಣ್ಣದ ಫೆರೆಟ್ ಅಷ್ಟೆ ಅಂತ ಅವನಿಗೆ ಖಾತ್ರಿಯಿತ್ತು. ಅವನು ಸೋತು ನಿಂತಿದ್ದ. ಆಟದ ನಿಯಮ ಮುರಿಯಬಾರದು ಅಂತ ಮಾತ್ರ ಮಂತ್ರ ಹೇಳುತ್ತಿದ್ದ.

ಮಕ್ಕಳು ಆಟದಲ್ಲಿ ಎಷ್ಟು ಕಟ್ಟುನಿಟ್ಟು ಅಂತ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ನಂಬಿಕೆ ಇರಲಿ ಬಿಡಲಿ, ಔಟ್ ಅಂದರೆ ಔಟ್.

ಪ್ರಶ್ನೆ: ಹಾಗಾದರೆ ದೇವರು ನಿಜವಾಗಿ ಕೇಳಿಸಿಕೊಂಡಿತೇ, ಅಥವಾ ಕಾಕತಾಳೀಯವೇ? (ಮೈಸೂರು)

ಸಾಕಿ ಹೇಳಿಲ್ಲ. ನಾನೂ ಹೇಳುವುದಿಲ್ಲ. ಶೆಡ್ಡಿನ ಬಾಗಿಲು ದಾಟಿ ಕತೆ ಒಂದು ಹೆಜ್ಜೆಯೂ ಒಳಗೆ ಇಡುವುದಿಲ್ಲ, ನಾವು ಹುಡುಗನ ಪಕ್ಕದಲ್ಲಿ ಕಿಟಕಿಯಲ್ಲೇ ನಿಂತಿರುತ್ತೇವೆ. ಅವನು ಹುಲ್ಲಿನ ಮೇಲೆ ಓಡಾಡುವ ಮೈನಾ ಜಾತಿಯ ಹಕ್ಕಿಗಳನ್ನು ಮತ್ತೆ ಮತ್ತೆ ಎಣಿಸುತ್ತಾನೆ, ಒಂದು ಕಣ್ಣು ಬಾಗಿಲ ಮೇಲೆ. ನಾವೂ ಎಣಿಸುತ್ತೇವೆ. ಅವಳು ಸಾಯಲಿ ಅಂತ ಹುಡುಗ ಒಂದು ಸಲವೂ ಹೇಳಿಲ್ಲ, ಕತೆಗಾರನೂ ಹೇಳಿಲ್ಲ. ಹೇಳಿದವರು ಯಾರು? ಆ ಬಾಗಿಲಿನಿಂದ ಫೆರೆಟ್ ಹೊರಗೆ ಬಂದಾಗ ನಿಮಗೆ ಒಳಗೊಳಗೇ ಖುಷಿಯಾಯಿತಾ ಇಲ್ಲವಾ, ನಿಜ ಹೇಳಿ.

ಪ್ರಶ್ನೆ: ನಾನು ಪಶುವೈದ್ಯ. ಒಂದೆರಡು ಕಿಲೋ ತೂಕದ ಪ್ರಾಣಿ ವಯಸ್ಕ ಹೆಂಗಸನ್ನು ಕೊಲ್ಲುವುದು ಸಾಧ್ಯವೇ ಇಲ್ಲ. ಲೇಖಕರು ಸುಮ್ನೆ ಬಿಟ್ಟಿದ್ದಾರೆ. (ಉಡುಪಿ)

ಡಾಕ್ಟರೇ, ನಿಮ್ಮ ಜೊತೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ. ಫೆರೆಟ್ ತನ್ನ ಬೇಟೆಯ ಕುತ್ತಿಗೆ ಹಿಡಿಯುತ್ತದೆ, ಬಿಡುವುದಿಲ್ಲ, ಅಷ್ಟು ನಿಜ. ಆದರೆ ಅದರ ಬೇಟೆ ಮೊಲ, ಇಲಿ. ಸಾಕಿ ಅದಕ್ಕೇ ಸಣ್ಣ ಸಣ್ಣ ತಯಾರಿ ಮಾಡಿಟ್ಟಿದ್ದಾರೆ ನೋಡಿ. ಅವಳಿಗೆ ದೂರದ್ದು ಕಾಣದ ಕಣ್ಣು. ಗೂಡಿನ ಬಾಗಿಲು ತೆಗೆದು, ಬಗ್ಗಿ, ಹುಲ್ಲಿನ ಹಾಸಿಗೆಯೊಳಗೆ ಮುಖ ಇಟ್ಟು ನೋಡುತ್ತಿರಬಹುದು ಅಂತ ಹುಡುಗ ಊಹಿಸುತ್ತಾನೆ. ಅಸಹನೆಯಿಂದ ತಿವಿಯುತ್ತಿರಬಹುದು ಅಂತಲೂ. ಅಂದರೆ ಗಂಟಲು ಪ್ರಾಣಿಯ ಎತ್ತರಕ್ಕೇ ಬಂದಿದೆ. ಇಷ್ಟು ಸಾಕು, ಉಳಿದದ್ದು ಬಾಗಿಲ ಹಿಂದೆ. ತೋರಿಸಿದ್ದರೆ ನೀವು ಹೇಳಿದ ಹಾಗೆ ನಗು ಬರುತ್ತಿತ್ತೇನೋ. ತೋರಿಸಲಿಲ್ಲ, ಅದಕ್ಕೇ ನಂಬಿದೆವು.

ಪ್ರಶ್ನೆ: ಎಲ್ಲರೂ ಆ ಹುಡುಗನ ಪರ ಮಾತಾಡುತ್ತಾರೆ. ಕಾಯಿಲೆ ಮಗು, ಬೇರೆಯವರ ಮಗು, ನೋಡಿಕೊಂಡವಳು ಅವಳು. ನಮ್ಮ ಅಜ್ಜಿಯೂ ಹೀಗೇ ಇದ್ದರು, ಅವರಿಂದಲೇ ನಾವು ಬದುಕಿದ್ದು. ಮಿಸೆಸ್ ಡಿ ರಾಪ್ ಮಾಡಿದ ತಪ್ಪಾದರೂ ಏನು? (ದಾವಣಗೆರೆ)

ಬಂದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಿಮ್ಮದು. ಅವಳು ಹೊಡೆಯುವುದಿಲ್ಲ, ಉಪವಾಸ ಕೆಡವುವುದಿಲ್ಲ. ವಾರ ವಾರ ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ಶೆಡ್ಡಿನಲ್ಲಿ ಚಳಿ, ಮೈಗೆ ಒಳ್ಳೆಯದಲ್ಲ ಅನ್ನುತ್ತಾಳೆ, ಕಾಯಿಲೆ ಹುಡುಗನಿಗೆ ಹೇಳುವ ಮಾತೇ ಅದು. ಅಕ್ಕಪಕ್ಕದವರು ನೋಡಿದರೆ ಒಳ್ಳೆಯ ಹೆಂಗಸು ಅಂತಲೇ ಅನ್ನುತ್ತಾರೆ.

ಆದರೆ ಸಾಕಿ ಅವಳ ಬಗ್ಗೆ ಮೊದಲಲ್ಲೇ ಒಂದು ಸಂಗತಿ ಹೇಳುತ್ತಾರೆ. ಆ ಹುಡುಗನೆಂದರೆ ತನಗೆ ಆಗುವುದಿಲ್ಲ ಅಂತ ಅವಳು ತನ್ನೊಳಗೂ ಒಪ್ಪಿಕೊಂಡವಳಲ್ಲ. ಅವನ 'ಒಳ್ಳೆಯದಕ್ಕಾಗಿ' ಅವನಿಗೆ ಅಡ್ಡಹಾಕುವುದು ಒಂದು ಕರ್ತವ್ಯ, ಆ ಕರ್ತವ್ಯ ಅವಳಿಗೆ ಅಷ್ಟೇನೂ ಕಷ್ಟವಾಗುತ್ತಿರಲಿಲ್ಲ. ಇದನ್ನು ಓದಿ ನನ್ನ ಪರಿಚಯದ ಎಷ್ಟೋ ದೊಡ್ಡವರ ಮುಖ ಕಣ್ಣಮುಂದೆ ಬಂತು, ಹೆಸರು ಬೇಡ. ನಿಮ್ಮ ಅಜ್ಜಿ ಬೈದು ಆಮೇಲೆ ಕರೆದು ತಿನ್ನಲು ಕೊಟ್ಟಿರುತ್ತಾರೆ. ಇವಳು ಕೋಳಿ ಮಾರಿದ ಸುದ್ದಿ ಹೇಳಿ, ಹುಡುಗ ಕೂಗಾಡಲಿ, ಅದಕ್ಕೆ ಬುದ್ಧಿಮಾತು ಹೇಳೋಣ ಅಂತ ಕಾದು ಕೂತಿದ್ದಳು. ಅವನು ಸುಮ್ಮನಿದ್ದ. ಆ ಮುಖ ನೋಡಿ ಏನನ್ನಿಸಿತೋ, ಮಧ್ಯಾಹ್ನದ ಟೀಗೆ ಟೋಸ್ಟ್ ಇಟ್ಟಿದ್ದಳು. ಟೋಸ್ಟ್ ಆ ಮನೆಯಲ್ಲಿ ನಿಷೇಧ, ಅವನಿಗೆ ಒಳ್ಳೆಯದಲ್ಲ ಅಂತ, ಮಾಡುವುದು ತಾಪತ್ರಯ ಅಂತಲೂ. ಅವನು ಮುಟ್ಟಲಿಲ್ಲ. "ಟೋಸ್ಟ್ ನಿನಗೆ ಇಷ್ಟ ಅಂದುಕೊಂಡಿದ್ದೆ" ಅಂದಳು. "ಕೆಲವು ಸಲ" ಅಂದ ಅವನು.

ಅವಳ ಕಡೆಯಿಂದ ಬಂದ ಒಂದೇ ಒಂದು ಮೆತ್ತನೆಯ ಗಳಿಗೆ ಅದು. ತಡವಾಗಿ ಬಂತು, ಅದೂ ತಪ್ಪು ಜಾಗಕ್ಕೆ. ಅವನಿಗೆ ಬೇಕಾಗಿದ್ದು ಕೋಳಿ. ನೀವು ಏನು ತಪ್ಪು ಅಂತ ಕೇಳಿದಿರಿ. ನನ್ನ ಪ್ರಕಾರ ಇಷ್ಟೇ: ಆ ಶೆಡ್ಡಿನಲ್ಲಿ ಏನು ಆಡುತ್ತೀಯ ಅಂತ ಅವಳು ಒಂದು ಸಲವೂ ಕುತೂಹಲದಿಂದ ಕೇಳಲಿಲ್ಲ. ಕೇಳಿದ್ದು ಪೊಲೀಸರ ಹಾಗೆ, ಬೀಗ ಹಾಕಿದ ಗೂಡಿನಲ್ಲಿ ಏನಿಟ್ಟಿದ್ದೀಯ ಅಂತ. ಉತ್ತರವನ್ನೂ ತಾನೇ ಕೊಟ್ಟುಕೊಂಡಳು, ಗಿನಿ ಹಂದಿ ಅಂತ. ಮಕ್ಕಳ ಆಟ ತಾನೇ, ಇನ್ನೇನಿದ್ದೀತು ಅನ್ನುವ ಆ ಸಸಾರ ಇದೆಯಲ್ಲ, ಅದೇ ಅವಳನ್ನು ಬಾಗಿಲು ದಾಟಿಸಿದ್ದು. ಒಳಗೆ ಹಲ್ಲಿರುವ ಪ್ರಾಣಿ ಇರಬಹುದು ಅಂತ ಅವಳ ತಲೆಗೆ ಬರಲೇ ಇಲ್ಲ.

ಪ್ರಶ್ನೆ: ಇಷ್ಟು ಸಿಟ್ಟು ಸುಮ್ಮನೆ ಬರುವುದಿಲ್ಲ. ಲೇಖಕರ ಸ್ವಂತ ಬಾಲ್ಯವೇ ಇದು? (ಹಾಸನ)

ಬಹುಮಟ್ಟಿಗೆ ಹೌದು. ಸಾಕಿ ಅನ್ನುವುದು ಕಾವ್ಯನಾಮ, ನಿಜ ಹೆಸರು ಹೆಕ್ಟರ್ ಹ್ಯೂ ಮನ್ರೊ. ಹುಟ್ಟಿದ್ದು 1870ರಲ್ಲಿ ಬರ್ಮಾದ ಅಕ್ಯಾಬ್‌ನಲ್ಲಿ, ಈಗ ಆ ಊರು ಸಿಟ್ವೆ. ಆಗ ಬ್ರಿಟಿಷ್ ಭಾರತದ ಆಡಳಿತ ಅಲ್ಲಿಯವರೆಗೂ ಇತ್ತು, ತಂದೆ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿ. ತಾಯಿ ಬಸುರಿಯಾಗಿ ಇಂಗ್ಲೆಂಡಿಗೆ ಹೋಗಿದ್ದಾಗ ಹಳ್ಳಿಯ ದಾರಿಯಲ್ಲಿ ಹಸುವೊಂದು ನುಗ್ಗಿ ಬಂತು. ಆ ಆಘಾತಕ್ಕೆ ಗರ್ಭಪಾತವಾಗಿ ತೀರಿಕೊಂಡರು, 1872ರಲ್ಲಿ. ಹಸುವಿನಿಂದ ತಾಯಿ ಹೋದ ಮಗು ದೊಡ್ಡವನಾಗಿ ಪ್ರಾಣಿಗಳು ಮನುಷ್ಯರ ಲೆಕ್ಕ ಚುಕ್ತಾ ಮಾಡುವ ಕತೆಗಳನ್ನು ಬರೆದ ಅಂತ ವಿಮರ್ಶಕರು ದಾರ ಎಳೆಯುತ್ತಾರೆ. ಎಳೆಯಲಿ, ನನಗೆ ಅದು ಸ್ವಲ್ಪ ಅತಿ ಅನ್ನಿಸುತ್ತದೆ. ಎರಡು ವರ್ಷದ ಕೂಸಿಗೆ ಏನು ನೆನಪು?

ನೆನಪಿದ್ದದ್ದು ಆಮೇಲಿನ ಮನೆ. ಅಪ್ಪ ಬರ್ಮಾದಲ್ಲಿ ಕೆಲಸಕ್ಕೆ, ಮೂರು ಮಕ್ಕಳು ಇಂಗ್ಲೆಂಡಿನ ಡೆವನ್ ಸೀಮೆಯ ಪಿಲ್ಟನ್ ಎಂಬ ಹಳ್ಳಿಯಲ್ಲಿ ಅಜ್ಜಿಯ ಮನೆಗೆ. ಅಜ್ಜಿ ಹೆಸರಿಗೆ, ದರ್ಬಾರು ಇಬ್ಬರು ಅತ್ತೆಯರದ್ದು, ಶಾರ್ಲಟ್ ಮತ್ತು ಅಗಸ್ಟಾ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಒಬ್ಬಳು ಹೂಂ ಅಂದದ್ದಕ್ಕೆ ಇನ್ನೊಬ್ಬಳು ಊಹೂಂ. ಕೋಣೆಗಳ ಕಿಟಕಿ ರಾತ್ರಿಯೆಲ್ಲ ಮುಚ್ಚಿಯೇ ಇರಬೇಕು. ಹೆಕ್ಟರ್ ಸೂಕ್ಷ್ಮ ಮೈಯ ಮಗು ಅಂತ ಬಹಳ ದಿನ ಮನೆಯಲ್ಲೇ ಪಾಠ. ಅಕ್ಕ ಎಥೆಲ್ ಇದನ್ನೆಲ್ಲ ಆಮೇಲೆ ಬರೆದಿಟ್ಟಿದ್ದಾರೆ. ಮಿಸೆಸ್ ಡಿ ರಾಪ್ ಅಂದರೆ ಅಗಸ್ಟಾ ಅತ್ತೆಯೇ ಅಂತ ಅವರು ನೇರವಾಗಿ ಹೇಳುತ್ತಾರೆ. ಇನ್ನೊಂದು ವಿವರ ಓದಿ ನನಗೆ ಪಾಪ ಅನ್ನಿಸಿತು: ಆ ಮನೆಯಲ್ಲಿ ಹೆಕ್ಟರ್‌ಗೆ ತುಂಬಾ ಪ್ರೀತಿಯ ಒಂದು ಹುಂಜ ಇತ್ತಂತೆ, ಹುಡಾನ್ ಜಾತಿಯದ್ದೇ. ಕಾಲಿಗೆ ಏನೋ ಆಯಿತು ಅಂತ ಅದನ್ನು ಕೊಲ್ಲಿಸಿಬಿಟ್ಟರು. ಕೋಳಿಗೆ ವೈದ್ಯರನ್ನು ಕರೆಸುವುದು ದುಂದು ಅನ್ನುವ ಲೆಕ್ಕ. ಕತೆ ಪುಸ್ತಕರೂಪದಲ್ಲಿ ಬಂದದ್ದು 1911ರಲ್ಲಿ, ಲೇಖಕರಿಗೆ ಆಗ ನಲವತ್ತು. ಅಷ್ಟು ವರ್ಷ ಆದಮೇಲೂ ಕೋಳಿಯ ಜಾತಿಯನ್ನು ಬದಲಾಯಿಸಲಿಲ್ಲ ನೋಡಿ.

ದೊಡ್ಡವರಾದ ಮೇಲೆ ಅವರೂ ಅಪ್ಪನ ಹಾಗೆ ಬರ್ಮಾ ಪೊಲೀಸ್ ಸೇರಿದ್ದರು, 1893ರಲ್ಲಿ. ಜ್ವರ ಬಿಡದೆ ಹಿಡಿದು ವಾಪಸಾದರು. ಆಮೇಲೆ ಪತ್ರಕರ್ತ, ಬಾಲ್ಕನ್ ಸೀಮೆ, ರಷ್ಯ, ಪ್ಯಾರಿಸ್ ಅಂತ ಸುತ್ತಿ ವರದಿ ಮಾಡಿದರು. ಮೊದಲ ಮಹಾಯುದ್ಧ ಶುರುವಾದಾಗ ವಯಸ್ಸು ಮೀರಿದ್ದರೂ ಸಾಮಾನ್ಯ ಸಿಪಾಯಿಯಾಗಿ ಸೇರಿದರು, ಅಧಿಕಾರಿ ಹುದ್ದೆ ಬೇಡ ಅಂದರು. 1916ರ ನವೆಂಬರ್ 14ರಂದು ಫ್ರಾನ್ಸಿನ ಬೋಮಾಂಟ್ ಹಾಮೆಲ್ ಹತ್ತಿರ ಜರ್ಮನ್ ಗುಂಡಿಗೆ ಬಲಿಯಾದರು. ಕತ್ತಲಲ್ಲಿ ಸಿಗರೇಟು ಹೊತ್ತಿಸಿದ ಸಂಗಾತಿಯನ್ನು ಆರಿಸು ಅಂತ ಗದರಿದ್ದೇ ಕೊನೆಯ ಮಾತು ಅಂತಾರೆ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಸ್ಟೋರ್ ರೂಮಿನಲ್ಲಿ ಹಳೇ ಬೊಂಬೆಯೊಂದನ್ನು ಕೂರಿಸಿ ದೇವರು ಅಂತ ಪೂಜೆ ಮಾಡ್ತಾಳೆ, ಪಿಸಪಿಸ ಮಾತಾಡ್ತಾಳೆ, ನಾನು ಹೋದರೆ ನಿಲ್ಲಿಸ್ತಾಳೆ. ಈ ಕತೆ ಓದಿದ ಮೇಲೆ ನನಗೆ ಹೆದರಿಕೆ ಶುರುವಾಗಿದೆ. (ಬೆಂಗಳೂರು)

ತಾಯಿ, ದಯವಿಟ್ಟು ಬೊಂಬೆ ಎತ್ತಿಡಬೇಡಿ. ಮನೆ ಆಟ, ಅಡುಗೆ ಆಟ, ಗೊಂಬೆ ಮದುವೆ, ದೇವರ ಆಟ ಆಡದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ರಟ್ಟಿನ ಡಬ್ಬಕ್ಕೆ ದಾರ ಕಟ್ಟಿ ತೇರು ಎಳೆಯದ ಬೀದಿ ಯಾವುದು? ಎಂಟು ವರ್ಷಕ್ಕೆ ಗುಟ್ಟು ಬೇಕು. ನೀವು ಹೋದಾಗ ನಿಲ್ಲಿಸುತ್ತಾಳೆ ಅಂದರೆ ಅದು ಅವಳದೇ ಜಾಗ ಅಂತ ಅರ್ಥ. ಬೇಕಾದರೆ ಬಾಗಿಲ ಹೊರಗೆ ನಿಂತು "ಪ್ರಸಾದ ಇದೆಯಾ?" ಅಂತ ಕೇಳಿ ನೋಡಿ. ಕೊಟ್ಟರೆ ತಿನ್ನಿ, ಕೊಡದಿದ್ದರೆ ಬನ್ನಿ.

ಕಾನ್ರಡಿನ್‌ನ ಆಟ ಕಪ್ಪಾದದ್ದು ಆಟದಿಂದಲ್ಲ ಅನ್ನುವುದನ್ನು ಮರೆಯಬೇಡಿ. ಅವನಿಗೆ ಜೊತೆಗಾರರಿಲ್ಲ, ಶಾಲೆ ಇಲ್ಲ, ಮುದ್ದು ಮಾಡುವವರಿಲ್ಲ, ಐದು ವರ್ಷಕ್ಕೆ ಸಾವು ಅಂತ ಗೊತ್ತಿದೆ. ಆ ಫೆರೆಟ್ ಕಂಡರೆ ಅವನಿಗೇ ಪ್ರಾಣ ಹೋಗುವಷ್ಟು ಭಯ, ಆದರೂ ಇರುವ ಆಸ್ತಿಯೆಲ್ಲ ಅದೇ. ನಿಮ್ಮ ಮಗಳು ಊಟ ನಿದ್ದೆ ಬಿಟ್ಟರೆ, ಶಾಲೆಗೆ ಹೆದರಿದರೆ, ತನಗೋ ಪ್ರಾಣಿಗಳಿಗೋ ನೋವು ಮಾಡಿಕೊಂಡರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ಅಂಥದ್ದೇನೂ ನೀವು ಬರೆದಿಲ್ಲ. ಕತೆಯನ್ನು ಮಾತ್ರ ಅವಳಿಗೆ ಈಗಲೇ ಕೊಡಬೇಡಿ, ಹೈಸ್ಕೂಲಿಗೆ ಬರಲಿ.

ಪ್ರಶ್ನೆ: ಕೊನೆಯಲ್ಲಿ ಟೋಸ್ಟ್ ಯಾಕೆ? ಅಷ್ಟು ದೊಡ್ಡ ಘಟನೆ ಆಗಿ ಹುಡುಗ ತಿಂಡಿ ತಿನ್ನುತ್ತಾ ಕೂರುವುದು ಅಸಹ್ಯ ಅನ್ನಿಸಿತು. (ಕಾರವಾರ)

ಅಸಹ್ಯ ಅನ್ನಿಸಲಿ ಅಂತಲೇ ಬರೆದದ್ದು. ಕೆಲಸದವಳು ಟೀ ಸಿದ್ಧ ಅನ್ನುತ್ತಾಳೆ, ಅಮ್ಮಾವ್ರು ಎಲ್ಲಿ ಅಂತ ಕೇಳುತ್ತಾಳೆ. ಆಗಲೇ ಶೆಡ್ಡಿನ ಕಡೆ ಹೋದರು ಅಂತ ಹುಡುಗ ನಿಜವನ್ನೇ ಹೇಳುತ್ತಾನೆ. ಅವಳು ಕರೆಯಲು ಹೋದಾಗ ಇವನು ಟೋಸ್ಟ್ ಮಾಡುವ ಫೋರ್ಕ್ ತೆಗೆದು ಬೆಂಕಿಯ ಮುಂದೆ ಬ್ರೆಡ್ಡು ಸುಡುತ್ತಾನೆ, ಬೆಣ್ಣೆ ಜಾಸ್ತಿ ಹಚ್ಚುತ್ತಾನೆ, ನಿಧಾನವಾಗಿ ತಿನ್ನುತ್ತಾನೆ. ಹೊರಗೆ ಕಿರುಚಾಟ, ಓಡಾಟ, ಏನೋ ಭಾರ ಹೊತ್ತು ತರುವ ಹೆಜ್ಜೆ ಸದ್ದು. ಆ ಪಾಪದ ಮಗುವಿಗೆ ಈ ಸುದ್ದಿ ಹೇಳುವವರು ಯಾರು ಅಂತ ಆಳುಕಾಳುಗಳು ಮಾತಾಡಿಕೊಳ್ಳುವಷ್ಟರಲ್ಲಿ ಇವನು ಇನ್ನೊಂದು ಟೋಸ್ಟ್ ಮಾಡಿಕೊಳ್ಳುತ್ತಾನೆ. ಮನೆ ಈಗ ಅವನದು, ಅದನ್ನು ಹೇಳಲು ಲೇಖಕರಿಗೆ ಬೇರೆ ದಾರಿ ಬೇಕಾಗಲಿಲ್ಲ. ಇನ್ನೂ ಒಂದು ಗಮನಿಸಿ, ಪಾಪದ ಮಗು ಅನ್ನುವವರೂ ಮತ್ತೆ ಅದೇ ಸಸಾರದಲ್ಲೇ ಇದ್ದಾರೆ.

ಪ್ರಶ್ನೆ: ಇದೇ ಲೇಖಕರದ್ದು ಮಕ್ಕಳ ಆಟದ ಬಗ್ಗೆ ಇನ್ನೇನು ಓದಬಹುದು? ಪುಸ್ತಕ ಎಲ್ಲಿ ಸಿಗುತ್ತದೆ? (ಶಿವಮೊಗ್ಗ)

'ದಿ ಲಂಬರ್ ರೂಮ್' ಓದಿ, 1914ರ ಸಂಕಲನದಲ್ಲಿದೆ. ಅದೇ ಅತ್ತೆ, ಅದೇ ಬೀಗ ಹಾಕಿದ ಕೋಣೆ, ಆದರೆ ಇಲ್ಲಿ ನಗು. ನಿಕೊಲಾಸ್ ಎಂಬ ಹುಡುಗ ತನ್ನ ಹಾಲು ಬ್ರೆಡ್ಡಿನ ಬಟ್ಟಲಲ್ಲಿ ಕಪ್ಪೆ ಇದೆ ಅಂತಾನೆ. ಸುಳ್ಳು ಅಂತಾರೆ, ಕಪ್ಪೆ ನಿಜವಾಗಿ ಇರುತ್ತದೆ, ಹಾಕಿದವನು ಇವನೇ. ಆಮೇಲೆ ಅತ್ತೆ ಮಳೆನೀರಿನ ತೊಟ್ಟಿಯಲ್ಲಿ ಬಿದ್ದು ಕೂಗಿದಾಗ, ನೀನು ಅತ್ತೆಯೋ ಸೈತಾನನೋ ಹೇಗೆ ನಂಬಲಿ ಅಂತ ವಾದಕ್ಕೆ ನಿಲ್ಲುತ್ತಾನೆ! ಇನ್ನೊಂದು 'ದಿ ಟಾಯ್ಸ್ ಆಫ್ ಪೀಸ್'. ಯುದ್ಧದ ಬೊಂಬೆ ಬೇಡ ಅಂತ ಮಾವನೊಬ್ಬ ಮಕ್ಕಳಿಗೆ ಪುರಸಭೆಯ ಕಸದ ಡಬ್ಬ, ಪಂಡಿತರ ಬೊಂಬೆ ಅಂಥದ್ದನ್ನೆಲ್ಲ ತಂದುಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಅದರಲ್ಲೇ ಮಕ್ಕಳು ರಕ್ತಪಾತದ ಯುದ್ಧ ಹೂಡಿರುತ್ತಾರೆ.

ಇದೇ ಜಾಡಿನ ಅಮೆರಿಕದ ಕತೆ ಬೇಕಿದ್ದರೆ ರೇ ಬ್ರಾಡ್‌ಬರಿ 1947ರಲ್ಲಿ ಬರೆದ 'ಝೀರೋ ಅವರ್' ನೋಡಿ. ಮಕ್ಕಳೆಲ್ಲ ದಾಳಿಯ ಆಟ ಆಡುತ್ತಿದ್ದಾರೆ, ಗುಲಾಬಿ ಪೊದೆಯಲ್ಲಿ ಒಬ್ಬ ಗೆಳೆಯ ಇದ್ದಾನೆ ಅಂತಾರೆ, ಅಮ್ಮ ನಗುತ್ತಾಳೆ. ಮುಂದಿನದನ್ನು ಹೇಳುವುದಿಲ್ಲ.

ಸಾಕಿ ತೀರಿಕೊಂಡು ನೂರು ವರ್ಷ ದಾಟಿದೆ, ಹಕ್ಕುಸ್ವಾಮ್ಯದ ತೊಂದರೆ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಹಳೆಯ ಪುಸ್ತಕಗಳ ಜಾಲತಾಣದಲ್ಲಿ ಇಂಗ್ಲಿಷ್ ಮೂಲ ದುಡ್ಡಿಲ್ಲದೆ ಸಿಗುತ್ತದೆ. 'ಸ್ರೆಡ್ನಿ ವಷ್ಟಾರ್' ಇರುವುದು 'ದಿ ಕ್ರಾನಿಕಲ್ಸ್ ಆಫ್ ಕ್ಲೋವಿಸ್' ಎಂಬ ಸಂಕಲನದಲ್ಲಿ, ಆ ಹೆಸರು ಹಾಕಿ ಹುಡುಕಿ.